ಕೋಳಿಗೂಡಿನ ಲೇತು

ಹಳೇ ಯಂತ್ರ ಕೊಂಡವನ ಮನೆಯಲ್ಲಿ ನಗೆಗೆ ಎಂದೂ ಬರ ಬರುವುದಿಲ್ಲ. ಒಂದು ಬೋಲ್ಟು ಬಿಚ್ಚಲು ಹೋದರೆ ಒಂದು ಪ್ರಸಂಗ, ಒಂದು ಚಕ್ರ ಹುಡುಕಲು ಹೋದರೆ ಇನ್ನೊಂದು. ಈಗ ನಗುತ್ತಾ ಹೇಳುತ್ತೇನೆ. ಆಗ ನನಗೆ ನಗು ಬಂದಿರಲಿಲ್ಲ, ಹಠ ಒಂದೇ ಬಂದಿದ್ದು.

ಮಹಾಯುದ್ಧ ನಡೆಯುತ್ತಿದ್ದ ಕಾಲ. ಜಾವಳಿ ಕಡೆಯ ಇಂಗ್ಲಿಷ್ ದೊರೆಗಳ ಕಾಫಿ ಎಸ್ಟೇಟೊಂದರಲ್ಲಿ ನಾನು ಹನ್ನೊಂದು ವರ್ಷದಿಂದ ಎರಡನೇ ಫಿಟ್ಟರ್ ಆಗಿದ್ದೆ. ನನ್ನ ಮೇಲೆ ಒಬ್ಬರು ಹೆಡ್ ಫಿಟ್ಟರು. ಅಲ್ಲಿ ಒಂದು ಲೇತು ಇತ್ತು. ಕಬ್ಬಿಣದ ಸರಳನ್ನು ಗಿರಗಿರನೆ ತಿರುಗಿಸುತ್ತಾ ಉಳಿ ಕೊಟ್ಟು ನುಣ್ಣಗೆ ಕೆತ್ತುವ ಯಂತ್ರ ಅದು. ಹನ್ನೊಂದು ವರ್ಷವೂ ನಾನು ಅದನ್ನು ಒರೆಸಿದೆ, ಎಣ್ಣೆ ಬಿಟ್ಟೆ, ಆಯುಧಪೂಜೆಗೆ ಕುಂಕುಮ ಹಚ್ಚಿದೆ. ಓಡಿಸಲು ಮಾತ್ರ ಹೆಡ್ ಫಿಟ್ಟರು ಬಿಡಲಿಲ್ಲ. ಕೇಳಿದಾಗಲೆಲ್ಲ “ಇನ್ನೂ ಕೈ ಪಳಗ್ಲಿ” ಅನ್ನುತ್ತಿದ್ದರು. ಮುಟ್ಟದೆ ಕೈ ಪಳಗುವುದು ಹೇಗೆ ಅಂತ ಹೇಳುತ್ತಿರಲಿಲ್ಲ. ನಾನು ಪಕ್ಕದಲ್ಲಿ ನಿಂತು ಕಣ್ಣಲ್ಲೇ ಕಲಿತೆ. ಕೊನೆಗೆ ಒಂದು ದಿನ ಎಣ್ಣೆ ಡಬ್ಬಿ ಕೆಳಗಿಟ್ಟು, “ನಂದೇ ಲೇತು ತಂದು ಮೂಡಿಗೆರೇಲಿ ವರ್ಕ್‌ಶಾಪ್ ಹಾಕ್ತೀನಿ” ಅಂದುಬಿಟ್ಟೆ.

ಸುದ್ದಿ ಕೇಳಿ ಎಸ್ಟೇಟು ನೋಡಿಕೊಳ್ಳುತ್ತಿದ್ದ ದೊರೆ ನನ್ನನ್ನು ಬಂಗಲೆಗೆ ಕರೆಸಿದರು. ಅವರಿಗೆ ಅವರದೇ ಚಿಂತೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಗಳ ನಡುವೆ ತಿರುಗುವ ಕಬ್ಬಿಣದ ಶಾಫ್ಟೆಲ್ಲ ಸವೆದಿತ್ತು, ಯುದ್ಧದಿಂದಾಗಿ ವಿಲಾಯತಿಯಿಂದ ಹೊಸದು ಬರುವುದು ನಿಂತಿತ್ತು. ಕಿತ್ತ ಹಣ್ಣನ್ನು ಅದೇ ದಿನ ಪಲ್ಪರಿಗೆ ಹಾಕದಿದ್ದರೆ ರಾಶಿಯಲ್ಲೇ ಬಿಸಿಯಾಗಿ ಹಾಳು. ಸುತ್ತಲಿನ ಅಷ್ಟೂ ಎಸ್ಟೇಟಿಗೆ ಇದ್ದದ್ದು ಒಂದೇ ಲೇತು, ಒಬ್ಬರೇ ಹೆಡ್ ಫಿಟ್ಟರು.

“ದೀಪಾವಳಿ ಆಗಿ ಮೊದಲ್ನೇ ಸಂತೆ ದಿನ ನಾನು ಬರ್ತೇನೆ,” ಅಂದರು ದೊರೆ. “ನನ್ನ ಎದುರು ಒಂದು ಶಾಫ್ಟ್ ಮಾಡಿ ತೋರ್ಸು. ಮಾಡಿದ್ರೆ ಎಲ್ಲಾ ಪಲ್ಪರ್ ಕೆಲ್ಸ ನಿಂದು. ಆಗ್ಲಿಲ್ಲ ಅಂದ್ರೆ ಮಾತಾಡ್ದೆ ವಾಪಸ್ ಬಂದು ಇವರ ಕೈ ಕೆಳಗೆ ನಿಲ್ಲು.”

ಪಕ್ಕದಲ್ಲೇ ನಿಂತಿದ್ದ ಹೆಡ್ ಫಿಟ್ಟರು ಸಮಾಧಾನದಿಂದ, “ನಿನ್ನ ಎಣ್ಣೆ ಡಬ್ಬಿ ಅಲ್ಲೇ ಇಟ್ಟಿರ್ತೀನಿ ಮಾರಾಯ, ಬೇರೆ ಯಾರಿಗೂ ಕೊಡಲ್ಲ” ಅಂದರು.

ಆ ಮಾತು ನನ್ನನ್ನು ಸುಟ್ಟ ಹಾಗೆ ಬೆಂಕಿಯೂ ಎಂದೂ ಸುಟ್ಟಿಲ್ಲ.

೧. ಕಾವು

ಹೊಸ ಲೇತಿನ ಮಾತೇ ಇರಲಿಲ್ಲ. ನನ್ನ ಕೈಯಲ್ಲಿದ್ದ ದುಡ್ಡಿಗೆ ಹೊಸ ಲೇತಿನ ಹಿಡಿಕೆಯೂ ಬರುತ್ತಿರಲಿಲ್ಲ. ಹುಡುಕಿ ಹುಡುಕಿ ಕೊನೆಗೆ ಒಂದು ಸುದ್ದಿ ಸಿಕ್ಕಿತು: ಕಳಸದ ಆಚೆ ನಮ್ಮ ದೊರೆಗಳ ಕಂಪನಿಯದೇ ಒಂದು ಸಣ್ಣ ಎಸ್ಟೇಟಿದೆ, ಅಲ್ಲಿ ಕಾಲಿನಿಂದ ತುಳಿದು ಓಡಿಸುವ ಲೇತು ವರ್ಷಾನುಗಟ್ಟಲೆಯಿಂದ ಮೂಲೆಗೆ ಬಿದ್ದಿದೆ, ಗುಜರಿ ಬೆಲೆಗೆ ಕೊಡುತ್ತಾರೆ.

ಬಿದ್ದಂಬೀಳ ಹೋದೆ. ಲೆಕ್ಕಪತ್ರ ನೋಡುವ ರೈಟರು ನನ್ನನ್ನು ಹಿತ್ತಲಿನ ಒಂದು ಶೆಡ್ಡಿಗೆ ಕರೆದುಕೊಂಡು ಹೋದರು. ಕತ್ತಲಲ್ಲಿ ಲೇತಿನ ಆಕಾರ ಕಂಡಿತು. ನನಗೆ ಕಣ್ಣಲ್ಲಿ ನೀರು ಬಂತು. ಮುಟ್ಟಬೇಕೆಂದು ಕೈ ಚಾಚಿದೆ. ಲೇತು “ಕೊರ್ರ್” ಅಂತು.

ಲೇತಿನ ಉದ್ದನೆಯ ಹಾಸಿನ ನಡುವೆ, ಒಣಹುಲ್ಲಿನ ಮೇಲೆ, ಒಂದು ಕೆಂಪು ಹೇಂಟೆ ರೆಕ್ಕೆ ಅಗಲಿಸಿ ಕೂತಿತ್ತು.

ಅಷ್ಟರಲ್ಲಿ ರೈಟರ ಹೆಂಡತಿ ಓಡಿ ಬಂದರು. “ಅಯ್ಯೋ, ಮುಟ್ಬೇಡಿ! ಮೊನ್ನೆ ತಾನೆ ಹದಿಮೂರು ಮೊಟ್ಟೆ ಇಟ್ಟು ಕಾವಿಗೆ ಕೂರ್ಸಿದ್ದು. ಈಗ ಎಬ್ಸಿದ್ರೆ ಎಲ್ಲ ಹಾಳು.”

“ಅಮ್ಮಾ, ಬುಟ್ಟಿ ಸಮೇತ ಎತ್ತಿ ಆಚೆ ಇಡಾಣ.”

“ಬುಟ್ಟಿ ಎಲ್ಲಿದೆ? ಅದೇ ಬುಟ್ಟಿ,” ಎಂದು ಲೇತನ್ನು ತೋರಿಸಿದರು.

ನಾನು ದೊರೆಗಳ ಗಡುವು ಹೇಳಿದೆ, ಪಲ್ಪರ್ ಹೇಳಿದೆ, ಹೆಡ್ ಫಿಟ್ಟರು ಹೇಳಿದ ಮಾತನ್ನೂ ಹೇಳಿದೆ. ಆಕೆ ಕರಗಲಿಲ್ಲ. ರೈಟರ ಮುಖ ನೋಡಿದೆ. ಅವರು ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಕರೆದು, “ನೋಡಿ, ಲೇತು ನನ್ನ ಸುಪರ್ದಿ, ಕೋಳಿ ಅವಳ ಸುಪರ್ದಿ. ಈಗ ಮೇಲಿರೋದು ಕೋಳಿ” ಅಂದರು.

ಹೋಗಲಿ, ಕಾಯುವ ತನಕ ಕಾಲುಗಳನ್ನಾದರೂ ಒರೆಸುತ್ತೇನೆ ಎಂದು ಚಿಂದಿ ಬಟ್ಟೆ, ಎಣ್ಣೆ ತೆಗೆದುಕೊಂಡು ಕೂತೆ. ಕಾಲು ಒರೆಸುವ ತನಕ ಕೋಳಿ ಸುಮ್ಮನಿತ್ತು. ಹಿಡಿಕೆಗೆ ಕೈ ಹಾಕಿದ ಕೂಡಲೇ ಬಾಗಿ ಕುಕ್ಕಿತು. ಒರೆಸಬಹುದು, ಓಡಿಸುವ ಹಾಗಿಲ್ಲ. ಇಷ್ಟು ದೂರ ಬಂದ ಮೇಲೂ ಹೆಡ್ ಫಿಟ್ಟರು ಬೆನ್ನು ಬಿಡಲಿಲ್ಲವಲ್ಲ ಅನ್ನಿಸಿತು.

ಮೂಡಿಗೆರೆಗೆ ಬರಿಗೈಯಲ್ಲಿ ವಾಪಸು ಬಂದೆ. ಹೆಂಡತಿ ಬಾಗಿಲಲ್ಲೇ ಕೇಳಿದಳು, “ಲೇತು ಎಲ್ಲಿ?”

“ಕಾವಿಗೆ ಕೂತಿದೆ.”

“ಹೋಗ್ಲಿ ಬಿಡಿ. ಎರಡು ಮರಿ ಲೇತು ಆದ್ರೆ ಒಂದನ್ನ ಮಾರ್ಬಹುದು” ಅಂದಳು.

೨. ಟಿಕೇಟು

ಇಪ್ಪತ್ತು ದಿನ ಕಳೆದು ಹೋದೆ. ಹನ್ನೊಂದು ಮರಿ ಆಗಿದ್ದವು. ರೈಟರ ಹೆಂಡತಿ ನಗುನಗುತ್ತಾ ಲೇತು ಬಿಟ್ಟುಕೊಟ್ಟರು. ಅದನ್ನು ಬಿಚ್ಚಿ ನಾಲ್ಕು ತುಂಡು ಮಾಡಿಕೊಂಡು ಬಸ್ಸಿನ ದಾರಿಗೆ ತಂದೆ.

ಪೆಟ್ರೋಲು ಸಿಗದ ಕಾಲವಾದ್ದರಿಂದ ಬಸ್ಸಿನ ಬೆನ್ನಿಗೆ ಒಂದು ದೊಡ್ಡ ಒಲೆ ಕಟ್ಟಿ, ಇದ್ದಿಲು ಸುಟ್ಟು, ಅದರ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಓಡಿಸುತ್ತಿದ್ದರು ಅನ್ನುವುದು ಮರ್ಯಾದೆಯ ಮಾತು. ಇಳಿಜಾರಿನಲ್ಲಿ ಅದು ಓಡುತ್ತಿತ್ತು, ಸಮತಟ್ಟಿನಲ್ಲಿ ನಡೆಯುತ್ತಿತ್ತು, ಏರಿನಲ್ಲಿ ನಿಂತು ಯೋಚನೆ ಮಾಡುತ್ತಿತ್ತು.

ಬಸ್ಸಿನ ಮಾಡಿನ ಮೇಲೆ ಆಗಲೇ ಬಾಳೆಗೊನೆ, ಇದ್ದಿಲಿನ ಮೂಟೆ ತುಂಬಿದ್ದವು. ಲೇತಿನ ಹಾಸನ್ನು ಒಳಗೆ ಸೀಟಿನ ಮೇಲೆ ಮಲಗಿಸಬೇಕಾಯಿತು. ಕಂಡಕ್ಟರು ನೋಡಿ, “ಇದು ಮೂರು ಜನದ ಜಾಗ. ಮೂರು ಟಿಕೇಟು” ಅಂದ.

“ಇದೇನು ಜನವಾ? ಕಬ್ಬಿಣ ಮಾರಾಯ.”

“ಕೂತಿದ್ದಕ್ಕೆ ಟಿಕೇಟು. ಯಾರು ಏನು ಅಂತ ನಾವು ಕೇಳಲ್ಲ.”

ಕೊನೆಗೆ ಎರಡು ಟಿಕೇಟಿಗೆ ಒಪ್ಪಂದವಾಯಿತು. ನನ್ನದೂ ಸೇರಿ ಮೂರು.

ಮೊದಲ ಏರಿನಲ್ಲೇ ಬಸ್ಸು ನಿಂತಿತು. “ಎಲ್ಲಾ ಇಳಿರಿ, ಭಾರ ಆಯ್ತು!” ಅಂದ ಕಂಡಕ್ಟರು. ಎಲ್ಲರೂ ಇಳಿದರು. ಒಬ್ಬ ದಪ್ಪನೆಯ ಯಜಮಾನರು ಮಾತ್ರ ಕೂತೇ ಇದ್ದರು. “ನಾನು ಟಿಕೇಟು ತಗೊಂಡಿದ್ದು ಕೂರಕ್ಕೆ,” ಅಂದರು.

“ಯಜಮಾನ್ರೇ, ಎಲ್ಲರೂ ಟಿಕೇಟು ತಗೊಂಡೇ ಇಳ್ದಿದಾರೆ.”

“ಅದು ಇಳ್ದಿಲ್ವಲ್ಲ!” ಎಂದು ಯಜಮಾನರು ಲೇತಿನ ಕಡೆ ಕೈ ತೋರಿಸಿದರು.

“ಅದ್ರದ್ದು ಎರಡು ಟಿಕೇಟು,” ಅಂದ ಕಂಡಕ್ಟರು. ಯಜಮಾನರು ಗೊಣಗುತ್ತಾ ಇಳಿದರು.

ಆಮೇಲೆ ಅದೇ ರೂಢಿಯಾಯಿತು. ಏರು ಬಂದಾಗಲೆಲ್ಲ ನಾವೆಲ್ಲ ಇಳಿಯುವುದು, ಹೆಗಲು ಕೊಟ್ಟು ನೂಕುವುದು. ಕೊಟ್ಟಿಗೆಹಾರದ ಹತ್ತಿರ ಬರುವಾಗ ಯಜಮಾನರ ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು. ಅವರು ಒಂದೊಂದು ಸಲ ನೂಕುವಾಗಲೂ ಕಿಟಕಿಯಲ್ಲಿ ಲೇತನ್ನು ಇಣುಕಿ ನೋಡಿ ಹಲ್ಲು ಕಡಿಯುತ್ತಿದ್ದರು. ನನಗೆ ಒಳಗೊಳಗೇ ಹೆದರಿಕೆ, ಬಿಸಾಡಿಬಿಟ್ಟರೆ ಎಂದು.

ಮೂಡಿಗೆರೆಯಲ್ಲಿ ಇಳಿದಾಗ ಯಾರೋ ಯಜಮಾನರನ್ನು ಕೇಳಿದರು, “ಬಸ್ಸಲ್ಲಿ ಬಂದ್ರಾ?”

“ಬಸ್ಸಲ್ಲಿ ಬಂದಿದ್ದು ಆ ಕಬ್ಬಿಣ ಮಾರಾಯ,” ಅಂದರು ಯಜಮಾನರು. “ನಾವು ಅದನ್ನ ಕಳ್ಸಕ್ಕೆ ಬಂದ್ವಿ.”

೩. ಬಿಚ್ಚಿದರೆ ನಿಮ್ಮದು

ಲೇತು ಬಂತು, ಅದರ ಪಕ್ಕ ಒಂದು ವೈಸ್ ಬೇಕು. ಸಾಮಾನನ್ನು ದವಡೆಯಲ್ಲಿ ಕಚ್ಚಿ ಹಿಡಿಯುವ ವೈಸ್ ಇಲ್ಲದ ವರ್ಕ್‌ಶಾಪಿಗೆ ಅರ್ಥವಿಲ್ಲ. ಚಿಕ್ಕಮಗಳೂರಿನಲ್ಲಿ ಹಳೇ ಕಬ್ಬಿಣದ ಅಂಗಡಿ ಇಟ್ಟಿದ್ದ ಸಾಬರ ಹತ್ತಿರ ಹೋದೆ. ಒಳ್ಳೆಯ ಮನುಷ್ಯರು, ಆದರೆ ಎಲ್ಲವನ್ನೂ ತೂಕದ ಮೇಲೆ ಮಾರುವವರು.

ನಾನು ಒಂದು ಉಳಿ ತೆಗೆದುಕೊಂಡು ತಕ್ಕಡಿಗೆ ಹಾಕುವ ಮುಂಚೆ ತುಕ್ಕು ಕೆರೆಯಲು ಶುರು ಮಾಡಿದೆ.

“ಏನ್ ಮಾಡ್ತಾ ಇದೀರಿ?”

“ತುಕ್ಕಿಗೂ ದುಡ್ಡು ಕೊಡ್ಲಾ ಸಾಬ್ರೇ?”

“ಮತ್ತೆ? ಅಷ್ಟು ತುಕ್ಕು ಹಿಡಿಯಕ್ಕೆ ಇಪ್ಪತ್ತು ವರ್ಷ ಮಳೇಲಿ ಇಟ್ಟು ಕಾದಿದೀನಿ. ನಿಮಗೆ ಪುಕ್ಕಟೆ ಬರುತ್ತಾ ಮಾರಾಯ್ರೇ?”

ಮೂಲೆಯಲ್ಲಿ ಒಂದು ಭರ್ಜರಿ ವೈಸ್ ಬಿದ್ದಿತ್ತು. ದವಡೆ ಕಚ್ಚಿಕೊಂಡು ಗಟ್ಟಿಯಾಗಿ ಕೂಡಿಬಿಟ್ಟಿತ್ತು. ಅದರ ತೂಕಕ್ಕೆ ಕೊಡುವಷ್ಟು ನನ್ನ ಹತ್ತಿರ ಇರಲಿಲ್ಲ. ನನ್ನ ಕಣ್ಣು ಅಲ್ಲೇ ಇದ್ದದ್ದು ನೋಡಿ ಸಾಬರು ನಕ್ಕರು. “ಅದನ್ನ ಎಷ್ಟೋ ಜನ ನೋಡಿ ಹೋದ್ರು. ಬಿಚ್ಚಿದ್ರೆ ನಿಮ್ದು, ಹಾಗೇ ತಗೊಂಡು ಹೋಗಿ. ಆದ್ರೆ ಇಲ್ಲೇ ಬಿಚ್ಚಬೇಕು, ಒಡೀಬಾರ್ದು.”

ಅಂಗಡಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೆ. ಕೋಳಿಗರಿಯಲ್ಲಿ ಎಣ್ಣೆ ಅದ್ದಿ ಸ್ಕ್ರೂವಿನ ಸಂದಿಗೆ ಬಿಟ್ಟೆ. ಆ ಗರಿಯನ್ನು ಕೊಟ್ಟಿದ್ದೂ ಅದೇ ಕೆಂಪು ಹೇಂಟೆ, ಅಷ್ಟು ಋಣ ಅದಕ್ಕಿದೆ. ಸಣ್ಣ ಸುತ್ತಿಗೆಯಲ್ಲಿ ಟಕ್ ಟಕ್ ಎಂದು ತಟ್ಟುವುದು, ಎಣ್ಣೆ ಬಿಡುವುದು, ಕಾಯುವುದು. ಒಂದು ಗಂಟೆಯಾಯಿತು. ಜನ ಸೇರಿದರು. “ಆಗಲ್ಲ” ಅನ್ನುವವರು ಕೆಲವರು, “ಬಿಸಿ ಮಾಡು” ಅನ್ನುವವರು ಕೆಲವರು. ನಾನು ತಲೆ ಎತ್ತಲಿಲ್ಲ. ಹನ್ನೊಂದು ವರ್ಷ ಕಾದವನಿಗೆ ಒಂದು ವೈಸ್ ಏನು ಮಹಾ! ಮಧ್ಯಾಹ್ನ ಇಳಿಯುವ ಹೊತ್ತಿಗೆ ಒಳಗೆಲ್ಲೋ “ಕಟ್” ಅಂತು. ಹಿಡಿಕೆ ಕೂದಲೆಳೆಯಷ್ಟು ಅಲುಗಿತು. ಎರಡನೇ ತಟ್ಟಿಗೆ ಇನ್ನಷ್ಟು. ಮೂರನೆಯದಕ್ಕೆ ದವಡೆ ಬಾಯಿ ಬಿಟ್ಟಿತು. ಜನ ಚಪ್ಪಾಳೆ ತಟ್ಟಿದರು.

ಸಾಬರ ಮುಖ ಸಪ್ಪಗಾಯಿತು. ವೈಸ್ ಹೋಯಿತೆಂದು ಬೇಜಾರಾಯಿತೇನೋ ಎಂದು, “ಬೇಡ ಸಾಬ್ರೇ, ಏನಾದ್ರೂ ಕೊಡ್ತೀನಿ” ಅಂದೆ.

“ಛೇ ಛೇ, ಮಾತು ಮಾತೇ. ತಗೊಂಡು ಹೋಗಿ,” ಅಂದರು. ಆಮೇಲೆ ದನಿ ತಗ್ಗಿಸಿ, “ನೀವು ಕೂತಿದ್ದಷ್ಟು ಹೊತ್ತು ಅಂಗಡಿ ಮುಂದೆ ಸಂತೆ ಇತ್ತು. ಐದು ವರ್ಷದಿಂದ ಬಿದ್ದಿದ್ದ ಗುದ್ದಲಿ ಎಲ್ಲ ಮಾರಿದೆ. ನಾಳೆ ಇನ್ನೊಂದು ಕೂಡಿಕೊಂಡಿದ್ದು ತೆಗ್ದಿಟ್ಟಿರ್ತೀನಿ, ಸ್ವಲ್ಪ ನಿಧಾನಕ್ಕೆ ಬಿಚ್ಚಿ” ಅಂದರು.

೪. ಕಬ್ಬಿಣದ ಸಾರು

ತುಕ್ಕು ತೆಗೆಯಲು ಸೀಮೆಎಣ್ಣೆ ಬೇಕು. ಸೀಮೆಎಣ್ಣೆ ರೇಷನ್ನಿನಲ್ಲಿ ದೀಪಕ್ಕೇ ಸಾಲುತ್ತಿರಲಿಲ್ಲ. ನಾನು ಹುಳಿಯ ದಾರಿ ಹಿಡಿದೆ. ಲೇತಿನ ಹಲ್ಲುಚಕ್ರ, ಬೋಲ್ಟು, ಹಿಡಿಕೆಗಳನ್ನು ದೊಡ್ಡ ಹಂಡೆಗೆ ಹಾಕಿ, ಕಾಡಿನಿಂದ ತಂದ ಉಪ್ಪಾಗೆ ಹುಳಿ, ಹುಳಿಮಜ್ಜಿಗೆ ಸುರಿದು, ಅಂಗಳದಲ್ಲಿ ಒಲೆ ಹೂಡಿ ಕುದಿಸಿದೆ. ಹೆಂಡತಿ ಉದ್ದನೆಯ ಸೌಟಿನಲ್ಲಿ ತಿರುವುತ್ತಿದ್ದಳು.

ಪಕ್ಕದ ಮನೆಯ ಅಜ್ಜಿ ಬೇಲಿಯ ಹತ್ತಿರ ಬಂದು ಮೂಗು ಅರಳಿಸಿದರು. “ಎಂಥದೇ, ಹುಳಿ ಘಮ ಬರ್ತಿದೆ? ಸಾರಾ?”

ಹೆಂಡತಿಗೆ ಏನು ಹೇಳುವುದೆಂದು ತಿಳಿಯದೆ, “ಹ್ಞೂಂ ಅಜ್ಜಿ” ಅಂದುಬಿಟ್ಟಳು. ಅದೇ ಹೊತ್ತಿಗೆ ನಾನು ಇಕ್ಕಳದಲ್ಲಿ ಒಂದು ಚಕ್ರ ಎತ್ತಿ, ಕಣ್ಣ ಹತ್ತಿರ ಹಿಡಿದು, “ಇನ್ನೂ ಬೆಂದಿಲ್ಲ” ಅಂದೆ.

ಅಜ್ಜಿ ಸರಸರನೆ ಒಳಗೆ ಹೋದರು.

ಸ್ವಲ್ಪ ಹೊತ್ತಿಗೆ ಮುಚ್ಚಿದ ಪಾತ್ರೆಯಲ್ಲಿ ಬಿಸಿ ಅನ್ನ, ಹುರುಳಿಕಾಳಿನ ಸಾರು ಬಂತು. ಅಜ್ಜಿಯ ಕಣ್ಣಲ್ಲಿ ನೀರು. “ನಾಚ್ಕೊಬೇಡಿ. ಯುದ್ಧದ ಕಾಲ, ಅಕ್ಕಿ ಸಿಗೋದು ಎಲ್ಲರಿಗೂ ಕಷ್ಟವೇ. ಆದ್ರೆ ಕಬ್ಬಿಣ ತಿನ್ನೋ ಅಷ್ಟು ಮನಸ್ಸು ಕಲ್ಲು ಮಾಡ್ಕೊಬೇಡಿ. ಹಲ್ಲು ಹೋಗ್ತದೆ.”

ನಾನು ವಿವರಿಸಲು ಬಾಯಿ ತೆರೆದೆ. ಹೆಂಡತಿ ನನ್ನ ಕಾಲು ತುಳಿದಳು. ಸಾರಿನ ಪರಿಮಳ ನನಗೂ ಬಂತು. ಬಾಯಿ ಮುಚ್ಚಿದೆ.

ಮಾರನೇ ದಿನ ಎದುರು ಮನೆಯಿಂದ ಅಕ್ಕಿರೊಟ್ಟಿ, ಅದರ ಮಾರನೇ ದಿನ ಹಿಂದಿನ ಮನೆಯಿಂದ ಹಲಸಿನ ಬೀಜದ ಪಲ್ಯ. ಕೊನೆಗೆ ನನಗೇ ನಾಚಿಕೆಯಾಗಿ ಅಜ್ಜಿಗೆ ನಿಜ ಹೇಳಿದೆ. ಅವರು ಹಂಡೆಯೊಳಗೆ ಇಣುಕಿದರು. ತುಕ್ಕೆಲ್ಲ ಬಿಟ್ಟು ಬೆಳ್ಳಿಯ ಹಾಗೆ ಹೊಳೆಯುವ ಚಕ್ರಗಳು. ಅವರು ಕೋಪ ಮಾಡಿಕೊಳ್ಳುತ್ತಾರೆಂದು ಕಾದೆ. ಮನೆಯೊಳಗೆ ಹೋಗಿ ತಮ್ಮ ತುಕ್ಕು ಹಿಡಿದ ಈಳಿಗೆಮಣೆ, ಕತ್ತಿ, ದೋಸೆಕಾವಲಿ ತಂದು, “ಹಾಗಿದ್ರೆ ಇವನ್ನೂ ಹಾಕು. ಮೂರು ದಿನ ಊಟ ಕೊಟ್ಟಿದೀವಿ” ಅಂದರು.

ಆ ವಾರ ಬೀದಿಯ ಅಷ್ಟೂ ಕತ್ತಿಗಳು ನಮ್ಮ ಹಂಡೆಯಲ್ಲಿ ಬೆಂದವು. ಬೇಯಿಸಿ ಬೇಯಿಸಿ ನನಗೆ ಸಾಕಾಗಿ ಒಂದು ದಿನ ಒಲೆ ಆರಿಸಹೊರಟೆ. ಹೆಂಡತಿ ತಡೆದಳು. “ಇನ್ನೆರಡು ಕತ್ತಿ ಬೇಯ್ಲಿ ಇರ್ರಿ. ನಾಳೆ ಎದುರು ಮನೇಲಿ ಕಡುಬಂತೆ.”

೫. ಮಸ್ಟರ್ ತಟ್ಟೆ

ಎಲ್ಲ ಜೋಡಿಸಿದ ಮೇಲೆ ಒಂದು ಭಾಗ ಕಡಿಮೆ ಬಂತು. ಲೇತಿನ ಮುಂಭಾಗಕ್ಕೆ ತಿರುಪಿ ಕೂರಿಸುವ ದಪ್ಪನೆಯ ಕಬ್ಬಿಣದ ತಟ್ಟೆ. ಶಾಫ್ಟಿಗೆ ಒಂದು ಕೊಂಡಿ ಬಿಗಿದಿರುತ್ತದೆ. ತಟ್ಟೆಯ ಮೊಳೆ ಆ ಕೊಂಡಿಯನ್ನು ದೂಡಿದರೆ ಶಾಫ್ಟು ತಿರುಗುತ್ತದೆ. ತಟ್ಟೆ ಇಲ್ಲದಿದ್ದರೆ ಇಷ್ಟು ದಿನದ ಕೆಲಸವೆಲ್ಲ ಬರೀ ಕೋಳಿಗೂಡು.

ಕಳಸಕ್ಕೆ ಕಾಗದ ಬರೆದೆ. ರೈಟರ ಉತ್ತರ ಬಂತು: “ಆ ತಟ್ಟೆಯನ್ನು ಬಹಳ ವರ್ಷದ ಹಿಂದೆ ಜಾವಳಿ ಕಡೆಯ ನಮ್ಮ ದೊಡ್ಡ ಎಸ್ಟೇಟಿಗೆ ಕಳಿಸಿದ್ದೇವೆ. ಮಸ್ಟರ್ ಹೊಡೆಯಲು ಬೇಕು ಅಂದರು.”

ಕಾಗದ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ. ಮಸ್ಟರ್ ಅಂದರೆ ಬೆಳಗಿನ ಹಾಜರಿ. ನಾನಿದ್ದ ಎಸ್ಟೇಟಿನ ಅಂಗಳದಲ್ಲಿ, ಹಲಸಿನ ಮರಕ್ಕೆ ಸರಪಳಿ ಹಾಕಿ ನೇತುಬಿಟ್ಟಿದ್ದ ಒಂದು ಕಬ್ಬಿಣದ ತಟ್ಟೆಯನ್ನು ಮೇಸ್ತ್ರಿ ಸುತ್ತಿಗೆಯಲ್ಲಿ ಬಡಿಯುತ್ತಿದ್ದರು. “ಠಣ್, ಠಣ್” ಅಂದ ಕೂಡಲೇ ಎಲ್ಲರೂ ಸಾಲಾಗಿ ನಿಲ್ಲಬೇಕು. ಹನ್ನೊಂದು ವರ್ಷ ನನ್ನನ್ನು ಸಾಲಿನಲ್ಲಿ ನಿಲ್ಲಿಸಿದ್ದು ನನ್ನದೇ ಲೇತಿನ ತಟ್ಟೆ! ಅದರ ಕೆಳಗೆ ನಾನೂ ನಡೆದೆ, ಲೇತಿನ ವಿಷಯದಲ್ಲಿ ಸರ್ವಜ್ಞರಾದ ಹೆಡ್ ಫಿಟ್ಟರೂ ನಡೆದರು. ಇಬ್ಬರೂ ಒಂದು ಸಲವೂ ತಲೆ ಎತ್ತಿ ಅದರ ನಡುವಿನ ತೂತಿನಲ್ಲಿ ತಿರುಪಿನ ಗೆರೆ ಇದೆಯಲ್ಲ, ಯಾಕಿದೆ ಎಂದು ನೋಡಿರಲಿಲ್ಲ.

ಮೇಸ್ತ್ರಿಯ ಹತ್ತಿರ ಹೋದೆ. ಅವರು ತಲೆ ಅಲ್ಲಾಡಿಸಿದರು. “ಕೊಡ್ತೀನಿ ಮಾರಾಯ, ಆದ್ರೆ ಇದ್ರ ಬದ್ಲಿಗೆ ಇನ್ನೊಂದು ಬೇಕು. ಆಳುಗಳು ಒಪ್ಪಬೇಕು. ಈ ಶಬ್ದಕ್ಕೆ ಅವರ ಕಾಲು ತಾನಾಗಿ ಬರ್ತದೆ. ಬೇರೆ ಶಬ್ದಕ್ಕೆ ಬರ್ದೆ ಹೋದ್ರೆ ನಾನು ಮನೆ ಮನೆಗೆ ಹೋಗಿ ಕರೀಲಾ?”

ಸರಿ, ಒಂದು ಗಾಡಿ ತುಂಬ ಕಬ್ಬಿಣ ಹೇರಿಕೊಂಡು ಹೋದೆ. ಕೆಲಸ ಬಿಟ್ಟ ಹೊತ್ತಿನಲ್ಲಿ ಅಂಗಳದಲ್ಲಿ ಆಳುಗಳೆಲ್ಲ ಸುತ್ತ ಕೂತರು. ಹಣ್ಣು ಕೊಯ್ಯುವ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಳಾದ ಒಬ್ಬ ಅಜ್ಜಿ ನಡುವೆ ಎಲೆಡಿಕೆ ಹಾಕಿಕೊಂಡು ತೀರ್ಪುಗಾರ್ತಿಯಾಗಿ ಕೂತಳು.

ಗಾಡಿಯ ಅಚ್ಚು ಬಡಿದೆ. “ಕೆಮ್ಮಿದ ಹಾಗಿದೆ,” ಅಂದಳು.

ಒಡೆದ ಕೊಪ್ಪರಿಗೆ ಬಡಿದೆ. “ಮಾರಿ ಓಡ್ಸಕ್ಕೆ ಅಡ್ಡಿಲ್ಲ.”

ಹಳೇ ಪಲ್ಪರಿನ ಚಕ್ರ ಬಡಿದೆ. ಅಜ್ಜಿ ಸ್ವಲ್ಪ ಯೋಚಿಸಿ, “ಇದು ಕರ್ಯೋ ಶಬ್ದ ಅಲ್ಲ, ಬಯ್ಯೋ ಶಬ್ದ. ಬೆಳಗಾದ್ರೆ ಬಯ್ಯಕ್ಕೆ ಮೇಸ್ತ್ರಿ ಇದಾರೆ, ಇನ್ನೊಂದು ಎಂಥಕ್ಕೆ?” ಅಂದಳು.

ಕೊನೆಗೆ ಸಾಬರ ಅಂಗಡಿಯಿಂದ ತಂದ ರೈಲು ಕಂಬಿಯ ತುಂಡು ಬಡಿದೆ. ಎದುರಿನ ಗುಡ್ಡದಿಂದ ಪ್ರತಿಧ್ವನಿ ಬಂತು. ಅಜ್ಜಿ ಎಲೆಡಿಕೆ ಉಗುಳಿ ಬಂದು, “ಇದು ಅಡ್ಡಿಲ್ಲ” ಅಂದಳು. ತಟ್ಟೆ ನನ್ನ ಕೈಗೆ ಬಂತು.

ಮೂರನೇ ದಿನ ಮೇಸ್ತ್ರಿ ಏದುಸಿರು ಬಿಡುತ್ತಾ ನನ್ನ ವರ್ಕ್‌ಶಾಪಿಗೆ ಬಂದರು. “ತಟ್ಟೆ ವಾಪಸ್ ಕೊಡು ಮಾರಾಯ, ನಿನ್ನ ದಮ್ಮಯ್ಯ!”

“ಯಾಕೆ, ಆಳು ಬರ್ತಿಲ್ವಾ?”

“ಆಳು ಬರ್ತಿದಾರೆ. ಹಳೇ ತಟ್ಟೆ ಶಬ್ದ ಬಂಗಲೆ ತನಕ ಹೋಗ್ತಿರ್ಲಿಲ್ಲ. ನಾವು ಅರ್ಧ ಗಂಟೆ ಲೇಟಾಗಿ ಬಡಿದ್ರೂ ನಡೀತಿತ್ತು. ಈ ದರಿದ್ರ ಕಂಬಿ ಶಬ್ದಕ್ಕೆ ದೊರೆನೂ ಎದ್ದು ಬರ್ತಾರೆ!”

೬. ಹಾಜರ್

ತಟ್ಟೆಯನ್ನು ನಾನು ವಾಪಸು ಕೊಡಲಿಲ್ಲ. ದೀಪಾವಳಿ ಮುಗಿದು ಸಂತೆಯ ದಿನ ಬಂತು. ನನ್ನ ವರ್ಕ್‌ಶಾಪು ಸಂತೆಮಾಳದ ಅಂಚಿನ ಒಂದು ಹಂಚಿನ ಶೆಡ್ಡು. ಸಂತೆಯ ದಿನ ಎಸ್ಟೇಟಿಗೆ ರಜ, ಆದ್ದರಿಂದ ಆಳುಗಳೆಲ್ಲ ಮೂಡಿಗೆರೆಗೆ ಬಂದು ಮೆಣಸಿನಕಾಯಿ, ಒಣಮೀನು ಕೊಳ್ಳುತ್ತಿದ್ದರು.

ದೊರೆ ಬಂದರು. ಅವರ ಹಿಂದೆ ಹೆಡ್ ಫಿಟ್ಟರು, ಅವರ ಕೈಯಲ್ಲಿ ನನ್ನ ಹಳೇ ಎಣ್ಣೆ ಡಬ್ಬಿ. “ವಾಪಸ್ ಬರೋ ದಾರೀಲಿ ಬೇಕಾಗ್ಬಹುದು ಅಂತ ತಂದೆ,” ಅಂದರು. ನಾನು ಉಳಿ ಒರೆಸಿಕೊಂಡೆ. ಇವತ್ತು ಆಗದಿದ್ದರೆ ನಾಳೆಯಿಂದ ಸಾಯುವ ತನಕ ಆ ಡಬ್ಬಿಯೇ ಗತಿ. ಹೆಂಡತಿ ಪಕ್ಕದಲ್ಲಿ ಸಾಬೂನು ನೀರಿನ ಚೊಂಬು ಹಿಡಿದು ನಿಂತಿದ್ದಳು. “ಕೋಳಿ ಏಳೋ ತನಕ ಕಾದಿದೀರಿ, ಇದೇನು ಮಹಾ,” ಎಂದು ಪಿಸುಗುಟ್ಟಿದಳು.

ಶಾಫ್ಟಿನ ಸರಳು ಕೂರಿಸಿದೆ. ಕೊಂಡಿ ಬಿಗಿದೆ. ಹನ್ನೊಂದು ವರ್ಷ ಪೆಟ್ಟು ತಿಂದು ತಟ್ಟೆಯ ಮೊಳೆಯ ತೂತು ಸಡಿಲವಾಗಿತ್ತು. ಕೊಂಡಿ ಬಡಿಯದಿರಲಿ ಎಂದು ನಡುವೆ ಒಂದು ಚರ್ಮದ ಪಟ್ಟಿ ಸುತ್ತಿದೆ. ತುಳಿಯಲು ಶುರು ಮಾಡಿದೆ. ಲೇತು ತಿರುಗಿತು. ಉಳಿ ತಾಗಿದ ಕೂಡಲೇ ಕಬ್ಬಿಣ ಸುರುಳಿ ಸುರುಳಿಯಾಗಿ ಎದ್ದು ಬಂತು. ದೊರೆ ಬಾಗಿ ನೋಡಿದರು. ಹೆಡ್ ಫಿಟ್ಟರು ಕೈ ಕಟ್ಟಿ ನಿಂತರು. ಒಂದು ಸುತ್ತು ಕೆತ್ತಿದೆ, ಎರಡು ಸುತ್ತು ಕೆತ್ತಿದೆ. ಕಾಲು ಮರಗಟ್ಟಿತು, ಬಿಡಲಿಲ್ಲ.

ಕೊನೆಯ ಸುತ್ತಿನಲ್ಲಿ, ಇನ್ನು ನಾಲ್ಕು ಬೆರಳು ಉಳಿದಿದೆ ಅನ್ನುವಾಗ, ಚರ್ಮದ ಪಟ್ಟಿ ಹರಿಯಿತು. ಕೊಂಡಿ ಹೋಗಿ ತಟ್ಟೆಗೆ ಬಡಿಯಿತು.

ಠಣ್!

ಈಗ ನಿಲ್ಲಿಸಿದರೆ ಶಾಫ್ಟಿನ ಮೇಲೆ ಗೀಟು ಬೀಳುತ್ತದೆ. ತುಳಿಯುತ್ತಲೇ ಇದ್ದೆ. ಒಂದು ತುಳಿತಕ್ಕೆ ಒಂದು ಪೆಟ್ಟು. ಠಣ್, ಠಣ್, ಠಣ್!

ಸಂತೆಮಾಳದ ಗದ್ದಲ ನಿಂತಿತು. ಓರೆಗಣ್ಣಲ್ಲಿ ನೋಡುತ್ತೇನೆ, ಆಳುಗಳು ಮೆಣಸಿನಕಾಯಿಯ ತಕ್ಕಡಿ ಬಿಟ್ಟು, ಬಳೆ ತೊಡಿಸಿಕೊಳ್ಳುತ್ತಿದ್ದ ಕೈಯನ್ನು ಎಳೆದುಕೊಂಡು, ದಡದಡ ಓಡಿ ಬರುತ್ತಿದ್ದಾರೆ. ನನ್ನ ಶೆಡ್ಡಿನ ಮುಂದೆ ಗಂಡಸರದೊಂದು ಸಾಲು, ಹೆಂಗಸರದೊಂದು ಸಾಲು. ತೀರ್ಪುಗಾರ್ತಿ ಅಜ್ಜಿ ಬಗಲಲ್ಲಿ ಒಣಮೀನಿನ ಕಟ್ಟಿನೊಂದಿಗೆ ತನ್ನ ಜಾಗದಲ್ಲಿ ನಿಂತಳು. ಕಾಫಿ ಕುಡಿಯುತ್ತಿದ್ದ ಮೇಸ್ತ್ರಿ ಲೋಟ ಬಿಟ್ಟು ಬಂದರು. ಇಪ್ಪತ್ತು ವರ್ಷದಿಂದ ಕೂಗಿ ಕೂಗಿ ಅವರಿಗೆ ಹಾಜರಿ ಬಾಯಿಪಾಠ, ಪುಸ್ತಕ ಬೇಕಿರಲಿಲ್ಲ. ಸಾಲು ಕಂಡದ್ದೇ ತಡ, ಎದೆ ಉಬ್ಬಿಸಿ ಶುರು ಮಾಡಿಯೇಬಿಟ್ಟರು.

“ಹೆಡ್ ಫಿಟ್ಟರ್!”

“ಹಾಜರ್!” ಎಂದು ಕೇಳಿತು. ತಿರುಗಿ ನೋಡಿದರೆ ದೊರೆಗಳ ಪಕ್ಕ ಜಾಗ ಖಾಲಿ. ಹೆಡ್ ಫಿಟ್ಟರು ಟೊಪ್ಪಿ ಸರಿಮಾಡಿಕೊಂಡು, ಎಣ್ಣೆ ಡಬ್ಬಿ ಎದೆಗವುಚಿಕೊಂಡು, ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದರು.

“ಸೆಕೆಂಡ್ ಫಿಟ್ಟರ್!”

“ಹಾಜರ್!”

ಆ ದನಿ ಯಾರದ್ದೆಂದು ನಾನೂ ಅತ್ತ ಇತ್ತ ನೋಡಿದೆ. ನನ್ನದೇ. ಕಾಲು ತುಳಿಯುತ್ತಿದೆ, ಕೈ ಉಳಿಯ ಮೇಲಿದೆ, ಬಾಯಿ ಮಾತ್ರ ಹನ್ನೊಂದು ವರ್ಷದ ರೂಢಿಯಂತೆ ಹಾಜರಿ ಕೊಟ್ಟುಬಿಟ್ಟಿತ್ತು.

ಮೇಸ್ತ್ರಿಗೆ ಆಗ ಎಚ್ಚರವಾಯಿತು. ಆಳುಗಳಿಗೆ ಎಚ್ಚರವಾಯಿತು. ಮೊದಲು ಅಜ್ಜಿ ನಕ್ಕಳು, ಆಮೇಲೆ ಇಡೀ ಸಂತೆ ನಕ್ಕಿತು. ಅಷ್ಟರಲ್ಲಿ ಉಳಿ ಶಾಫ್ಟಿನ ಕೊನೆ ಮುಟ್ಟಿತು. ನಾನು ಕಾಲು ತೆಗೆದೆ. ತಟ್ಟೆ ಸುಮ್ಮನಾಯಿತು.

ದೊರೆ ಶಾಫ್ಟನ್ನು ಕೈಗೆ ತೆಗೆದುಕೊಂಡು ತಾವೇ ಅಳೆದರು. ಒಂದು ಕಡೆ ಅಳೆದರು, ಇನ್ನೊಂದು ಕಡೆ ಅಳೆದರು, ಬೆಳಕಿಗೆ ಹಿಡಿದು ನೋಡಿದರು. ಹೆಡ್ ಫಿಟ್ಟರ ಅಭಿಪ್ರಾಯ ಕೇಳೋಣವೆಂದು ಪಕ್ಕಕ್ಕೆ ತಿರುಗಿದರೆ ಅವರಿನ್ನೂ ಸಾಲಿನಲ್ಲೇ ಇದ್ದರು. “ಸರಿ ಇದೆ,” ಅಂದರು ದೊರೆ. “ನನ್ನ ಹೆಡ್ ಫಿಟ್ಟರೇ ನಿನ್ನ ಲೇತಿಗೆ ಹಾಜರಿ ಕೊಟ್ಟ ಮೇಲೆ ನಾನು ಇನ್ನೇನು ಕೇಳಲಿ? ಕೆಲ್ಸ ನಿಂದು.”

ಹ್ಞಾಂ, ಹೆಡ್ ಫಿಟ್ಟರ ವಿಷಯ ಹೇಳಬೇಕು. ಅವರು ಸಾಲಿನಿಂದ ಹೊರಗೆ ಬಂದು, ಲೇತಿನ ಹತ್ತಿರ ನಿಂತು, ತಟ್ಟೆಯ ಮೇಲೆ ಒಂದು ಸಲ ಕೈಯಾಡಿಸಿದರು. “ಇಷ್ಟು ವರ್ಷ ತಲೆ ಮೇಲೇ ಇತ್ತಲ್ಲ ಮಾರಾಯ,” ಅಂದರು. ಎಣ್ಣೆ ಡಬ್ಬಿಯನ್ನು ಲೇತಿನ ಪಕ್ಕ ಇಟ್ಟು, ಒಂದು ಹಿಡಿಕೆ ಮುಟ್ಟಿ, “ಒಂದು ಸಲ ತುಳಿದು ನೋಡ್ಲಾ?” ಎಂದು ಕೇಳಿದರು.

ಹನ್ನೊಂದು ವರ್ಷದಿಂದ ಈ ಮಾತಿಗೇ ಕಾದಿದ್ದೆ. ಅವರೇ ಕಲಿಸಿದ ಉತ್ತರವೂ ನಾಲಿಗೆಯ ತುದಿಯಲ್ಲಿತ್ತು. ಆದರೆ ಅವರ ಮುಖ ನೋಡಿ ನನ್ನಿಂದಾಗಲಿಲ್ಲ, ಪಕ್ಕಕ್ಕೆ ಸರಿದು ಜಾಗ ಬಿಟ್ಟೆ.

ಎಲ್ಲರೂ ಹೋದ ಮೇಲೆ ಹೆಂಡತಿಗೆ ಹೇಳಿದೆ, “ಎಲ್ಲಾ ಸರಿ ಆಯ್ತು. ಆ ಹಾಜರ್ ಅಂದಿದ್ದು ಒಂದ್ರಿಂದ ಮಾನ ಹೋಯ್ತು ನೋಡು. ಸ್ವಂತ ವರ್ಕ್‌ಶಾಪಿನ ಯಜಮಾನ ಆ ಗಂಟೆಗೆ ಹಾಜರ್ ಅನ್ನೋದಾ?”

ಅವಳು ಚೊಂಬಿನ ಸಾಬೂನು ನೀರು ಚೆಲ್ಲಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಅಂದಳು, “ಅನ್ನಿ, ಏನಾಯ್ತೀಗ? ಇನ್ಮೇಲೆ ಆ ಗಂಟೆ ಹೊಡೆಯೋದೂ ನಿಮ್ಮ ಕಾಲೇ ಅಲ್ವಾ?”